ಜರ್ಮನಿಯ ಹೋಟೆಲ್ ತರಬೇತಿಗೆ ಬಿ1 ಸಾಲದು

ನಮ್ಮಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದರೆ ಮೊದಲು ಪ್ರವೇಶ ಪರೀಕ್ಷೆ, ಫೀಸು, ತರಗತಿ. ನಡುವೆ ಕೆಲವು ತಿಂಗಳು ಇಂಡಸ್ಟ್ರಿಯಲ್ ಟ್ರೇನಿಂಗ್. ಜರ್ಮನಿಯಲ್ಲಿ ಇದು ತಿರುವುಮುರುವು. ಇಲ್ಲಿನ ಔಸ್‌ಬಿಲ್ಡುಂಗ್ ಎಂಬ ವೃತ್ತಿ ತರಬೇತಿಗೆ ಮೊದಲು ಹೋಟೆಲಿನವರ ಜೊತೆ ಕರಾರು ಆಗಬೇಕು. ಆಮೇಲೆ ಮೂರು ವರ್ಷ ಅದೇ ಹೋಟೆಲಿನಲ್ಲಿ ದುಡಿಮೆ, ವಾರಕ್ಕೆ ಒಂದೆರಡು ದಿನ ಇಲ್ಲವೇ ಕೆಲವು ವಾರ ಒಟ್ಟಿಗೆ ವೃತ್ತಿಶಾಲೆ. ಸರ್ಕಾರಿ ವೃತ್ತಿಶಾಲೆಗೆ ಫೀಸಿಲ್ಲ, ಮೊದಲ ತಿಂಗಳಿಂದಲೇ ಸಂಬಳ. ಲೋಸಾನ್‌ನಲ್ಲಿ 1893ರಿಂದ ನಡೆಯುತ್ತಿರುವಂಥ ಸ್ವಿಸ್ ಹೋಟೆಲ್ ಶಾಲೆಗಳ ಫೀಸು ಕಟ್ಟಲಾಗದ ಮನೆಯ ಮಕ್ಕಳಿಗೆ ಇದು ನಿಜವಾಗಿಯೂ ತೆರೆದ ಬಾಗಿಲು.

ದುಡಿಯುತ್ತಲೇ ಓದುವುದು ನಮ್ಮವರಿಗೆ ಹೊಸದೇನಲ್ಲ. ಮುಂಬೈಯ ಉಡುಪಿ ಹೋಟೆಲುಗಳಲ್ಲಿದ್ದ ಹುಡುಗರಿಗೆ ಅಲ್ಲಿನ ಕನ್ನಡ ಸಂಘಗಳು ರಾತ್ರಿಶಾಲೆ ನಡೆಸಿದವು. ಆದರೆ ಹಗಲಿನ ಹೋಟೆಲ್ ಕೆಲಸ ರಾತ್ರಿಯ ಓದಿನಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಔಸ್‌ಬಿಲ್ಡುಂಗ್‌ನಲ್ಲಿ ಕೆಲಸವೇ ಪಠ್ಯ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿರುವುದು ಇದಕ್ಕೇ.

ನಮ್ಮ ಮಕ್ಕಳು ಎಡವುತ್ತಿರುವುದು ಭಾಷೆಯಲ್ಲಿ. ವೀಸಾಕ್ಕೆ ಸಾಮಾನ್ಯವಾಗಿ ಬಿ1 ಮಟ್ಟದ, ಅಂದರೆ ಭಾಷಾ ಕಲಿಕೆಯ ಆರು ಹಂತಗಳಲ್ಲಿ ಮೂರನೆಯದರ, ಜರ್ಮನ್ ಕೇಳುತ್ತಾರೆ. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂಬ ನಾಲ್ಕೂ ಭಾಗಗಳಲ್ಲಿ ನೂರಕ್ಕೆ 60 ಬಂದರೆ ಪಾಸು. "ಅಷ್ಟು ಸಾಕು, ಉಳಿದದ್ದು ಅಲ್ಲಿ ಹೋಗಿ ಕಲಿತರಾಯಿತು" ಎನ್ನುವ ಏಜೆಂಟರ ಮಾತನ್ನು ನಂಬಬೇಡಿ. ರಿಸೆಪ್ಶನ್‌ನಲ್ಲಿ ಫೋನು ಎತ್ತಿದರೆ ಆಚೆ ಕಡೆಯವರ ಮುಖ ಕಾಣದು, ಬವೇರಿಯಾದಲ್ಲಾದರೆ ಅವರಾಡುವುದು ಪಾಠದ ಪುಸ್ತಕದ ಜರ್ಮನ್ ಕೂಡ ಅಲ್ಲ. ಊಟದ ಮೇಜಿನಲ್ಲಿ ಇನ್ನೂ ಎಚ್ಚರ ಬೇಕು. ಯುರೋಪಿನ ಕಾನೂನಿನಂತೆ 14 ಬಗೆಯ ಅಲರ್ಜಿಕಾರಕಗಳ ಬಗ್ಗೆ ಗಿರಾಕಿಗೆ ತಿಳಿಸಲೇಬೇಕು. ಸೆಲೆರಿ, ಸಾಸಿವೆ, ಎಳ್ಳು ಕೂಡ ಆ ಪಟ್ಟಿಯಲ್ಲಿವೆ. ಪ್ರಶ್ನೆ ಅರ್ಥವಾಗದೆ "ಹೂಂ" ಅಂದುಬಿಟ್ಟರೆ ಒಬ್ಬರ ಜೀವಕ್ಕೇ ಕುತ್ತು. ಜೊತೆಗೆ ಏನು ಕಲಿತೆ ಎಂಬುದನ್ನು ಬೆರಿಶ್ಟ್‌ಹೆಫ್ಟ್ ಎಂಬ ದಾಖಲೆಯಲ್ಲಿ ತಪ್ಪದೆ ಬರೆದಿಡಬೇಕು. ಅದಿಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ವೃತ್ತಿಶಾಲೆಯ ಅರ್ಥಶಾಸ್ತ್ರ, ಲೆಕ್ಕಪತ್ರ ಎಲ್ಲವೂ ಜರ್ಮನ್‌ನಲ್ಲೇ.

ಭಾಷೆ ಸಾಲದೆ ಹೋದರೆ ಪೆಟ್ಟು ಬೇಗ ಬೀಳುತ್ತದೆ. ಕರಾರಿನಲ್ಲಿ ಒಂದರಿಂದ ನಾಲ್ಕು ತಿಂಗಳ ಪ್ರೊಬೇಷನ್ ಇರುತ್ತದೆ; ಆ ಅವಧಿಯಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ನೋಟಿಸ್ ಕೊಡದೆ ಕರಾರು ಮುರಿಯಬಹುದು. ನಮ್ಮ ತಪ್ಪಿಲ್ಲದೆ ಮುರಿದರೆ ಬೇರೆ ಹೋಟೆಲು ಹುಡುಕಲು ಆರು ತಿಂಗಳವರೆಗೆ ಸಮಯ ಸಿಗುತ್ತದೆ, ಆದರೆ ಆಗ ಸಂಬಳವಿಲ್ಲ.

ಹಾಗಾಗಿ ಗೋಥೆ ಸಂಸ್ಥೆಯದೇ ಆದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಮತ್ತೆಲ್ಲೋ, ಬಿ1ರ ಮುಂದಿನ ಹಂತವಾದ ಬಿ2 ಮುಗಿಸಿಯೇ ವಿಮಾನ ಹತ್ತಿ. ಶುರುವಿನಿಂದ ಬಿ2 ತನಕ ಮುಕ್ಕಾಲು ಗಂಟೆಯ 600ರಿಂದ 800 ಪಾಠಗಳು ಬೇಕೆಂಬುದು ಗೋಥೆಯವರ ಅಂದಾಜು. ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಇನ್ನು ದುಡ್ಡಿನ ವಿಷಯ. 2025ರಲ್ಲಿ ಶುರುವಾದ ತರಬೇತಿಗಳಿಗೆ ಮೊದಲ ವರ್ಷದ ಕಾನೂನುಬದ್ಧ ಕನಿಷ್ಠ ಸಂಬಳ ತಿಂಗಳಿಗೆ 682 ಯೂರೋ. ಅನೇಕ ಹೋಟೆಲುಗಳು ಹೆಚ್ಚು ಕೊಡುತ್ತವೆ, ಆದರೂ ಮ್ಯೂನಿಕ್‌ನಂಥ ಊರಲ್ಲಿ ಬಾಡಿಗೆಯೇ ಅದನ್ನು ನುಂಗುತ್ತದೆ. ಸಂಬಳ ಸಾಲದು ಎಂದು ವೀಸಾ ಅಧಿಕಾರಿಗೆ ಕಂಡರೆ ಉಳಿದ ಹಣವನ್ನು ನೀವೇ ತೋರಿಸಬೇಕು. ಸಹಿ ಹಾಕುವ ಮುಂಚೆಯೇ ಸಿಬ್ಬಂದಿ ಕೋಣೆ ಉಂಟೇ, ಅದಕ್ಕೆಷ್ಟು ಹಿಡಿಯುತ್ತಾರೆ, ವೃತ್ತಿಶಾಲೆ ಎಷ್ಟು ದೂರ, ಅಲ್ಲಿಗೆ ಹೋಗುವ ರೈಲಿನ ಖರ್ಚು ಯಾರದು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.