ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ: ಸ್ಪಷ್ಟನೆ

"ಹಾರ್ಟ್ ವೀಕ್ ಅಂತ ಹೋದರೆ ಡಾಕ್ಟರು ಶುಗರ್ ಮಾತ್ರೆ ಕೊಡ್ತಿದ್ದಾರೆ, ತಕ್ಷಣ ನಿಲ್ಲಿಸಿ" ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು. ನಂಬಿ ಮಾತ್ರೆ ಬಿಟ್ಟರೆ ಅಪಾಯವೂ ಹೌದು.

ಮೆಸೇಜ್‌ನಲ್ಲಿರುವುದು ಡಾಪಾಗ್ಲಿಫ್ಲೋಜಿನ್. ಮೊದಲು ಬಂದದ್ದು ಸಕ್ಕರೆ ಕಾಯಿಲೆಗೇ, ನಿಜ. ಆದರೆ 2019ರಲ್ಲಿ ಪ್ರಕಟವಾದ ಡಾಪಾ-ಎಚ್‌ಎಫ್ ಅಧ್ಯಯನದಲ್ಲಿ 4,744 ಹೃದಯ ವೈಫಲ್ಯದ (ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದ) ರೋಗಿಗಳಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶುಗರ್ ಇರಲೇ ಇಲ್ಲ! ಈ ಮಾತ್ರೆ ಪಡೆದವರಲ್ಲಿ, ಪಡೆಯದವರಿಗಿಂತ, ಹೃದಯದ ಕಾಯಿಲೆ ಉಲ್ಬಣಿಸುವುದು ಅಥವಾ ಹೃದಯ, ರಕ್ತನಾಳದ ತೊಂದರೆಯಿಂದ ಸಾಯುವುದು ಸುಮಾರು 26% ಕಡಿಮೆಯಾಯಿತು. ಶುಗರ್ ಇಲ್ಲದವರಿಗೂ ಅಷ್ಟೇ ಲಾಭ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೃದಯ ವೈಫಲ್ಯಕ್ಕೂ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಸಕ್ಕರೆ ತೀರಾ ಇಳಿಯುವುದಿಲ್ವಾ? ಶುಗರ್ ಇಲ್ಲದವರಲ್ಲಿ ಅದು ತುಂಬಾ ಅಪರೂಪ. ಈ ಮಾತ್ರೆ, ಮೂತ್ರಪಿಂಡ ಸ್ವಲ್ಪ ಸಕ್ಕರೆಯನ್ನೂ ಉಪ್ಪನ್ನೂ ಮೂತ್ರದಲ್ಲಿ ಹೊರಹಾಕುವಂತೆ ಮಾಡುತ್ತದೆ, ಅಷ್ಟೇ. ಗುಪ್ತಾಂಗದಲ್ಲಿ ಫಂಗಸ್ ತುರಿಕೆ ಬರಬಹುದು, ಇದನ್ನು ಹೇಳಿಕೊಳ್ಳಲು ನಮ್ಮವರು ನಾಚುತ್ತಾರೆ. ವಾಂತಿ-ಭೇದಿ, ಉಪವಾಸ, ಆಪರೇಷನ್ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ, ಕೆಲವು ದಿನ ನಿಲ್ಲಿಸಬೇಕಾಗಬಹುದು.

ಪಂಪಿಂಗ್ ಕಡಿಮೆ ಇರುವವರಿಗೆ ಇದೊಂದೇ ಮಾತ್ರೆ ಸಾಲದು. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನಿಸುವ ಮಾತ್ರೆ), ಸ್ಪೈರೊನೊಲ್ಯಾಕ್ಟೋನ್, ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಕೂಡ ಚೀಟಿಯಲ್ಲಿರುತ್ತವೆ. ಬಿಪಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ನೋಡಿಕೊಂಡು ಡೋಸ್ ಹೆಚ್ಚಿಸುತ್ತಾರೆ. ಉಸಿರಾಟ ಸರಿಹೋಯಿತೆಂದು ಸುಮ್ನೆ ಬಿಡುವ ಮಾತ್ರೆಗಳಲ್ಲ ಇವು.