ರೈಲಿಳಿದವರಿಗೆ ಬಸ್ಸು ಎಲ್ಲಿ?

ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದಳು. ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್ ಎಂಬ ಊರಲ್ಲಿ. ಶಿಕಾಗೋ ತೋರಿಸೋಣ ಎಂದು ಒಂದು ಬೆಳಗ್ಗೆ ಹೊರಟೆವು. ಮನೆ ಹತ್ತಿರ ಸಿಟಿ ಬಸ್ ಹತ್ತಿ, ಒಂದು ಕಟ್ಟಡದ ಮುಂದೆ ಇಳಿದೆವು. ಒಳಗೆ ಹೋಗಿ ಮೇಲಿನ ಅಂತಸ್ತಿಗೆ ಏರಿದರೆ ಅದೇ ರೈಲ್ವೆ ಸ್ಟೇಷನ್. ಅಮ್ಮ ಸುತ್ತ ನೋಡಿ, "ಅಲ್ಲ ಮಾರಾಯ, ಬಸ್ಸೂ ಇಲ್ಲೇ, ರೈಲೂ ಇಲ್ಲೇಯಾ?" ಎಂದಳು.

ಅವಳಿಗೆ ಯಾಕೆ ಅಷ್ಟು ಆಶ್ಚರ್ಯ ಆಯಿತು ಎಂದು ನನಗೆ ಗೊತ್ತು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಶಿವಮೊಗ್ಗಕ್ಕೆ ಬರುವಾಗ ಇನ್ನೂ ಕತ್ತಲು. ನಮ್ಮ ತೀರ್ಥಹಳ್ಳಿಗೆ ರೈಲಿಲ್ಲ. ಶಿವಮೊಗ್ಗದಿಂದ ಮುಂದೆ 60 ಕಿಲೋಮೀಟರ್ ಬಸ್ಸೇ ಗತಿ. ಆದರೆ ಬಸ್ ನಿಲ್ದಾಣ ಇರುವುದು ಊರಿನ ಇನ್ನೊಂದು ಕಡೆ. ಬ್ಯಾಗು, ಹಪ್ಪಳದ ಡಬ್ಬ, ನಿದ್ದೆಗಣ್ಣಿನ ಮಕ್ಕಳನ್ನು ಕಟ್ಟಿಕೊಂಡು ನಡೆಯುವ ದೂರ ಅಲ್ಲ. ಆಟೋದವರ ಹತ್ತಿರ ಚೌಕಾಸಿ ಶುರು. ರಾತ್ರಿಯಿಡೀ ಆರಾಮಾಗಿ ಬಂದವರಿಗೆ ಆ ಸ್ವಲ್ಪ ದೂರವೇ ಸುಸ್ತು ಮಾಡಿಬಿಡುತ್ತದೆ.

ಶಾಂಪೇನ್ ದೊಡ್ಡ ಊರೇನಲ್ಲ. 2020ರ ಗಣತಿಯಲ್ಲಿ ಇಲ್ಲಿದ್ದವರು 88 ಸಾವಿರ ಜನ. ಶಿವಮೊಗ್ಗದಲ್ಲಿ 2011ರಲ್ಲೇ ಮೂರು ಲಕ್ಷ ದಾಟಿತ್ತು. ನಾವು ಬಸ್ಸಿಳಿದ ಈ ಶಾಂಪೇನ್ ಕಟ್ಟಡದ ಹೆಸರು ಇಲಿನಾಯ್ ಟರ್ಮಿನಲ್, ಶುರುವಾದದ್ದು 1999ರಲ್ಲಿ. ಇದನ್ನು ನಡೆಸುವುದು ರೈಲಿನವರಲ್ಲ, ಊರಿನ ಸಿಟಿ ಬಸ್ ಸಂಸ್ಥೆ. ರೈಲಿಗೆ ಅವರು ಜಾಗ ಕೊಟ್ಟಿದ್ದಾರೆ. ದೂರದೂರಿನ ಬಸ್ಸುಗಳೂ ಇಲ್ಲಿಗೇ ಬರುತ್ತವೆ. ಪಕ್ಕದಲ್ಲೇ 1924ರ ಹಳೇ ಸ್ಟೇಷನ್ ಕಟ್ಟಡ ಇನ್ನೂ ನಿಂತಿದೆ. ನೋಡಲು ಅದೇ ಚೆಂದ, ನನ್ನ ಕಣ್ಣಿಗೆ.

ಇಲ್ಲಿನ ರೈಲನ್ನು ಹೊಗಳಲು ನನಗೆ ಮನಸ್ಸಿಲ್ಲ. ದಿನಕ್ಕೆ ಶಿಕಾಗೋ ಕಡೆ ಮೂರು, ದಕ್ಷಿಣಕ್ಕೆ ಮೂರು, ಅಷ್ಟೇ. ಬೆಳಗಿನದು ತಪ್ಪಿದರೆ ಸಂಜೆವರೆಗೆ ಕೂರಬೇಕು. ಹಳಿ ಸರಕು ಸಾಗಿಸುವ ಕಂಪನಿಯದು, ಹಾಗಾಗಿ ಗೂಡ್ಸ್ ರೈಲಿನ ಹಿಂದೆ ಸಿಕ್ಕಿಕೊಂಡು ತಡವಾಗುವುದು ಮಾಮೂಲು. ಸೀಟು ಕಾದಿರಿಸದೆ ಹತ್ತುವ ಹಾಗಿಲ್ಲ. ನಮ್ಮಲ್ಲಿ ಕೊನೇ ಗಳಿಗೆಯಲ್ಲಿ ಜನರಲ್ ಟಿಕೆಟ್ ತಗೊಂಡು ಹತ್ತುವವರ ಸಂಖ್ಯೆಯೇ ಎಷ್ಟು ಜಾಸ್ತಿ ಅಲ್ವಾ! ಪ್ಲಾಟ್‌ಫಾರಂ ಮೇಲೆ ಕಿಟಕಿ ಹಿಡಿದು "ಮುಟ್ಟಿದ ಕೂಡಲೇ ಫೋನ್ ಮಾಡು" ಎನ್ನುವವರೂ ಇಲ್ಲಿಲ್ಲ. ರೈಲು ಬರುವವರೆಗೆ ಎಲ್ಲರೂ ಒಳಗೇ ಸಾಲು ನಿಲ್ಲುತ್ತಾರೆ, ಬಾಗಿಲು ತೆರೆದ ಮೇಲೆ ಹೊರಗೆ ಹೋಗುತ್ತಾರೆ. ಜನವರಿಯ ಹಿಮದಲ್ಲಿ ಅದು ಒಳ್ಳೆಯದೇ. ಆದರೂ ಕಿಟಕಿ ಹಿಡಿದು ನಿಲ್ಲುವ ಆ ಎರಡು ನಿಮಿಷ ನನಗೆ ಬೇಕು.

ರೈಲಿನ ವಿಷಯದಲ್ಲಿ ಶಿವಮೊಗ್ಗವೇ ಮುಂದೆ, ನಾನು ಒಪ್ಪುತ್ತೇನೆ. ತಾಳಗುಪ್ಪದವರೆಗೆ ರೈಲು ಹೋಗುತ್ತದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು. ಆದರೆ ರೈಲಿಳಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸುವ ಕೆಲಸ ಯಾರದ್ದೂ ಅಲ್ಲ. ರೈಲು ಕೇಂದ್ರದ್ದು, ಸರ್ಕಾರಿ ಬಸ್ಸು ರಾಜ್ಯದ್ದು, ಮಲೆನಾಡಿನ ಖಾಸಗಿ ಬಸ್ಸುಗಳದ್ದು ಬೇರೆ ಲೆಕ್ಕ. ಶಾಂಪೇನ್‌ನಲ್ಲಿ ಈ ಯೋಚನೆ ಮಾಡಿದ್ದು ಬಸ್ಸಿನವರು. ದಿನಾ ಊರೊಳಗೆ ಓಡಾಡುವವರಿಗೆ ಜನರ ಕಷ್ಟ ಬೇಗ ಗೊತ್ತಾಗುತ್ತದೆ ಎಂದು ನನಗೆ ಅನಿಸುತ್ತದೆ.

ಹೊಸ ಕಟ್ಟಡ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಜಾಗ, ದುಡ್ಡು, ಇಪ್ಪತ್ತು ವರ್ಷ ಬೇಕು. ಶಿವಮೊಗ್ಗಕ್ಕೆ ಬೆಳಗ್ಗೆ ಬರುವ ರಾತ್ರಿರೈಲಿಗೆ ಸ್ಟೇಷನ್ ಬಾಗಿಲಲ್ಲೇ ಕೆಲವು ಬಸ್ಸು ಬಂದು ನಿಂತರೆ ಸಾಕು. ತೀರ್ಥಹಳ್ಳಿಗೆ ಒಂದು, ಹೊಸನಗರಕ್ಕೆ ಒಂದು, ಬಸ್ ನಿಲ್ದಾಣದವರೆಗೆ ಒಂದು ಸಿಟಿ ಬಸ್ಸು. ರೈಲು ಅರ್ಧ ಗಂಟೆ ತಡವಾದರೆ ಬಸ್ಸೂ ಅರ್ಧ ಗಂಟೆ ಕಾಯಲಿ. ಡ್ರೈವರು ಅಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು.