ನಿಮಿತ್ತ ಏನ್ರಿ?

ಹೋದ ಶನಿವಾರ ತಿಲಕವಾಡಿಯ ಆ ಪುಟ್ಟ ಸಭಾಂಗಣದ ಬ್ಯಾಂಡ್ ಕಾರ್ಯಕ್ರಮದಲ್ಲಿ ಏನಾಯಿತೆಂದು ಮತ್ತೆ ಹೇಳಬೇಕಿಲ್ಲ. ಅರ್ಧ ಬೆಳಗಾವಿ ಮೊಬೈಲಿನಲ್ಲಿ ನೋಡಿ ನಕ್ಕಾಗಿದೆ. ಡ್ರಮ್ಮಿನ ಹುಡುಗ ಕೋಲು ಮೇಲೆತ್ತಿದ್ದಾನೆ, ಕರೆಂಟು ಹೋಗಿದೆ, ಕೋಲು ಕೆಳಗೆ ಬಂದಿಲ್ಲ. ಆ ವೀಡಿಯೊದ ಎಡಮೂಲೆಯಲ್ಲಿ ಬಾಯಿ ತೆರೆದುಕೊಂಡು ಕೂತಿರುವ ಬೋಳುತಲೆ ನನ್ನದು.

ಎರಡು ವರ್ಷದಿಂದ ಈ ಬ್ಯಾಂಡು ನನ್ನ ಕಿವಿಯಲ್ಲಿದೆ. ಬೆಂಗಳೂರಿನ ನಾಲ್ಕು ಹುಡುಗರು. ತಾವೇ ಬರೆದು ತಾವೇ ಹಾಡುತ್ತಾರೆ, ನಡುನಡುವೆ ಶರೀಫಜ್ಜನ ಒಂದೆರಡು ತತ್ವಪದ. ಎರಡನೇ ರೈಲ್ವೆ ಗೇಟು ಬಿದ್ದಾಗೆಲ್ಲ ಸ್ಕೂಟರಿನ ಮೇಲೆ ಕೂತು ಕೇಳುತ್ತೇನೆ. ಒಂದು ಗೂಡ್ಸಿಗೆ ಒಂದೂವರೆ ಹಾಡು, ಇದು ನನ್ನ ಲೆಕ್ಕ. ಅವರು ನಮ್ಮೂರಿಗೇ ಬರುತ್ತಾರೆ, ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿಯ ಹಾಲಿನಲ್ಲಿ ಹಾಡುತ್ತಾರೆ ಎಂದಾಗ ಮೊದಲ ಟಿಕೆಟ್ ತಗೊಂಡವನೂ ನಾನೇ.

ಕಾರ್ಯಕ್ರಮ ಹಾಕಿದವರು ಮೂವರು ಇಂಜಿನಿಯರಿಂಗ್ ಹುಡುಗರು. ಪಾಪ, ಮೈಕಿನ ಪರವಾನಗಿಗೆ ಅರ್ಜಿ ಹಿಡಿದುಕೊಂಡು ಹೋದರು.

‘ನಿಮಿತ್ತ ಏನ್ರಿ?’

‘ಹಾಡ್ತಾರ್ರಿ.’

‘ಅದು ತಿಳೀತು. ಎದರ ನಿಮಿತ್ತ ಹಾಡ್ತಾರ?’

‘ಸುಮ್ನ ರೀ.’

ಸಾಹೇಬರು ಪೆನ್ನು ಕೆಳಗಿಟ್ಟರಂತೆ. ‘ಸುಮ್ನ ಅಂತ ಬರ್ಯಾಕ ಬರೂದಿಲ್ಲೋ ತಮ್ಮಾ.’

ಅವರದೂ ತಪ್ಪಲ್ಲ. ಜಯಂತಿಗೆ ಮೈಕು ಹಚ್ಚಬಹುದು, ಪುಣ್ಯತಿಥಿಗೆ ಹಚ್ಚಬಹುದು, ಸಾಹುಕಾರರ ಬರ್ತಡೇಗೆ ಹಚ್ಚಬಹುದು, ಎಲೆಕ್ಷನ್ ಗೆದ್ದರೆ ಹಚ್ಚಬಹುದು, ಸೋತವರ ಓಣಿಯಲ್ಲಿ ಇನ್ನೂ ಜೋರಾಗಿ ಹಚ್ಚಬಹುದು. ನೂರು ಜನ ಕೂತು ಹಾಡು ಕೇಳಿ ಎದ್ದು ಮನೆಗೆ ಹೋಗುತ್ತಾರೆ ಅಂದರೆ ಯಾರಿಗಾದರೂ ಸಂಶಯ ಬರುವಂಥದ್ದೇ. ಕೊನೆಗೆ ಹುಡುಗರು ‘ಕನ್ನಡ ಜಾಗೃತಿ ನಿಮಿತ್ತ’ ಎಂದು ಬರೆದರು. ಪರವಾನಗಿ ಸಿಕ್ಕಿತು. ಇದು ಬೆಳಗಾವಿ ನೋಡಿ, ಜಾಗೃತಿ ಅಂದಕೂಡಲೇ ಬಂದೋಬಸ್ತಿಗೆ ನಾಲ್ಕು ಪೊಲೀಸರೂ ಸಿಕ್ಕರು. ಜಾಗೃತಿ ಎಂದಮೇಲೆ ಅಧ್ಯಕ್ಷತೆ ಬೇಕು, ಉದ್ಘಾಟನೆ ಬೇಕು, ಮುಖ್ಯ ಅತಿಥಿ ಬೇಕು. ಬ್ಯಾನರಿನಲ್ಲಿ ಅತಿಥಿಯ ಮುಖ ಬಾಗಿಲಷ್ಟು. ಬ್ಯಾಂಡಿನ ಹೆಸರು ಕೆಳಗೆ, ಕುಂದಾ ಅಂಗಡಿಯವರ ಫೋನ್ ನಂಬರಿನ ಪಕ್ಕ.

ಇಲ್ಲಿಂದ ಅಷ್ಟೇನೂ ದೂರವಲ್ಲದ ಸುಳೇಭಾವಿಯಲ್ಲಿ 1924ರಲ್ಲಿ ಶಿವಪುತ್ರ ಕೊಂಕಾಳಿ ಎಂಬ ಕೂಸು ಹುಟ್ಟಿತು. ಮುಂದೆ ಕುಮಾರ ಗಂಧರ್ವ ಆಯಿತು. ಕ್ಷಯ ಬಂದು ಶ್ವಾಸಕೋಶ ಕೆಟ್ಟಮೇಲೂ ಹಾಡಿ, ದೂರದ ದೇವಾಸ್‌ನಲ್ಲಿ ಕಣ್ಣುಮುಚ್ಚಿತು. ನಾವು ಅಭಿಮಾನದಿಂದ ರಂಗಮಂದಿರಕ್ಕೆ ಅವರ ಹೆಸರಿಟ್ಟಿದ್ದೇವೆ. ಇವತ್ತು ಅವರೇ ತಂಬೂರಿ ಹೊತ್ತು ಬಂದರೂ ಮೊದಲ ಪ್ರಶ್ನೆ ಅದೇ. ನಿಮಿತ್ತ ಏನ್ರಿ?

ಇರಲಿ. ಆರೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಎಂಟೂಕಾಲಿಗೆ ಬಂದರು. ದೀಪ ಹಚ್ಚಿದರು, ಫ್ಯಾನ್ ಆರಿಸಿತು, ಫ್ಯಾನ್ ಆರಿಸಿ ಮತ್ತೆ ಹಚ್ಚಿದರು. ಆಮೇಲೆ ಶಾಲು. ಈ ಶಾಲಿನ ಬಗ್ಗೆ ಒಂದು ಮಾತು. ನಮ್ಮ ಊರಲ್ಲಿ ಒಟ್ಟು ಇಪ್ಪತ್ತು-ಇಪ್ಪತ್ತೈದೇ ಶಾಲುಗಳಿವೆ ಎಂಬುದು ನನ್ನ ಗುಮಾನಿ. ಅವೇ ತಿರುಗುತ್ತಿರುತ್ತವೆ. ನಮ್ಮ ಮನೆಗೆ ಬಂದಿದ್ದ ಒಂದರ ಅಂಚಿಗೆ ಬದನೀಕಾಯಿ ಎಣ್ಣೆಗಾಯಿಯ ಕಲೆ ಬಿದ್ದಿತ್ತು. ಅದನ್ನು ಒಳಗೆ ಮಡಚಿ ಭಾವನ ನಿವೃತ್ತಿಗೆ ಹೊದಿಸಿದ್ದೆ. ಶನಿವಾರ ಅದೇ ಕಲೆ ವೇದಿಕೆಯ ಮೇಲೆ ಮುಖ್ಯ ಅತಿಥಿಯ ಎಡಭುಜದಲ್ಲಿ ಕೂತಿತ್ತು. ಹಳೇ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ಅತಿಥಿಗಳು ಇಂದಿನ ಯುವಕರು ಹಾದಿ ತಪ್ಪುತ್ತಿರುವ ಬಗ್ಗೆ ಮೂವತ್ತೈದು ನಿಮಿಷ ಮಾತಾಡಿ, ‘ಹಾಡು ಕೇಳಬೇಕಂತ ಭಾಳ ಆಸೆ ಇತ್ತು’ ಎಂದು ಕೈಮುಗಿದು ಹೋದರು. ಅವರ ಹಿಂದೆ ಮೂವತ್ತು ಕುರ್ಚಿ ಖಾಲಿಯಾದವು.

ಸೌಂಡಿನವ ಹಿಂದಿನ ದಿನದ ಮದುವೆಯಿಂದ ನೇರ ಬಂದಿದ್ದ. ಮಿಕ್ಸರಿನ ಪಟ್ಟಿ ಕಿತ್ತಿರಲಿಲ್ಲ. ಗಾಯಕನ ಮೈಕಿಗೆ ‘ಸ್ವಾಮಿಗೋಳು’, ಬೇಸ್ ಗಿಟಾರಿಗೆ ‘ವರ’. ಆ ಗಿಟಾರನ್ನು ಬಗ್ಗಿ ನೋಡಿ, ‘ನಾಕ ತಂತಿ ಅದಾವಲ್ಲೋ, ಇನ್ನೆರಡ ಎಲ್ಲಿ ಹ್ವಾದ್ವು?’ ಎಂದು ಕನಿಕರದಿಂದ ಕೇಳಿದ.

ಒಂಬತ್ತೂಕಾಲಿಗೆ ಶುರು. ಮೊದಲ ಬೇಸ್ ತಂತಿ ಮಿಡಿದಾಗ ನನ್ನ ಕುರ್ಚಿಯ ಸೀಳಿದ ಕಾಲು ಗುಂಯ್ ಅಂದಿತು. ಗಾಯಕ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಅದು ಮೊಬೈಲಿನಲ್ಲಿ ಬರುವುದಿಲ್ಲ. ಮೂರನೇ ಹಾಡಿಗೆ ಅವನು ಮೈಕು ಬಿಟ್ಟು ಮುಂದೆ ಬಂದು ನಿಂತ. ನನಗೂ ಅವನಿಗೂ ನಡುವೆ ಇದ್ದದ್ದು ಒಂದು ನೀರಿನ ಕ್ಯಾನು ಅಷ್ಟೇ. ಮುಂದಿನ ಸಾಲಿನ ಅಜ್ಜಿಯೊಬ್ಬರು ಶರೀಫಜ್ಜನ ಪದಕ್ಕೆ ಅವನಿಗಿಂತ ಮೊದಲೇ ಪಲ್ಲವಿ ಎತ್ತಿದರು. ಅವನು ನಕ್ಕು ಹಿಂದೆ ಸರಿದು, ಅವರಿಗೇ ಬಿಟ್ಟುಕೊಟ್ಟ.

ಹತ್ತಕ್ಕೆ ಸರಿಯಾಗಿ ಒಬ್ಬ ಪೊಲೀಸಪ್ಪ ಒಳಬಂದ. ‘ಹತ್ತಾತು, ಬಂದ್ ಮಾಡ್ರಿ.’ ಕೊನೇ ಹಾಡು ಅಂದರು. ‘ನಂದೇನೂ ಇಲ್ರಿ, ಮ್ಯಾಲಿಂದ ಫೋನ್ ಬಂದೈತಿ.’ ವಾಚ್‌ಮನ್ ಮೇನ್ ಸ್ವಿಚ್ ಎಳೆದ. ಮುಂದಿನದು ನೀವು ನೋಡಿದ್ದೀರಿ.

ನೀವು ನೋಡದ್ದು ಹೊರಗಿನದು. ಕತ್ತಲಲ್ಲಿ ತಡವರಿಸುತ್ತ ಮೆಟ್ಟಿಲಿಳಿದರೆ ರಸ್ತೆ ತುಂಬ ವರಾತ, ಅಂದರೆ ಮದುವೆ ಮೆರವಣಿಗೆ. ಟ್ರ್ಯಾಕ್ಟರಿನ ಮೇಲೆ ಎರಡಾಳೆತ್ತರ ಡಬ್ಬಿ ಪೇರಿಸಿದ ಡಿಜೆ. ಔಷಧ ಅಂಗಡಿಯ ಗಾಜು ನಡುಗುತ್ತಿದೆ. ಅದೇ ಪೊಲೀಸಪ್ಪ ಸೀಟಿ ಊದುತ್ತ, ಅದಕ್ಕೆ ದಾರಿ ಮಾಡಿಕೊಡುತ್ತಿದ್ದಾನೆ.

ಕಾನೂನು ನನಗೂ ಗೊತ್ತು. ಶಬ್ದಮಾಲಿನ್ಯ ನಿಯಮ, 2000. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಇಲ್ಲ. ಜನವಸತಿಯಲ್ಲಿ ರಾತ್ರಿ 45 ಡೆಸಿಬಲ್, ಅಂದರೆ ಹೆಚ್ಚುಕಮ್ಮಿ ಎರಡು ಜನ ಮೆಲ್ಲಗೆ ಮಾತಾಡಿದಷ್ಟು. ಹಬ್ಬಹರಿದಿನಕ್ಕೆ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿವರೆಗೆ, ಸಡಿಲಿಸಬಹುದು. ಇದೇ ನಿಯಮದಲ್ಲಿ ಇನ್ನೊಂದು ಸಾಲಿದೆ: ಸಭಾಂಗಣದಂಥ ಮುಚ್ಚಿದ ಜಾಗದೊಳಗೆ, ಒಳಗಿನವರಿಗಷ್ಟೇ ಕೇಳಿಸುವುದಕ್ಕೆ, ಹತ್ತರ ನಿರ್ಬಂಧ ಇಲ್ಲ. ಅಂದರೆ ನಾವು ಕೂತದ್ದು ನಿಷಿದ್ಧವಲ್ಲ, ಹೊರಗಿನದು ನಿಷಿದ್ಧ. ಆದರೆ ನಿಂತದ್ದು ನಮ್ಮ ಹಾಡು.

ಗಣಪತಿ ಕಳಿಸುವಾಗ ಇಲ್ಲಿ ಮೆರವಣಿಗೆ ಇಂದಿನ ಸಂಜೆ ಹೊರಟು ನಾಳೆ ಸಂಜೆಗೂ ಮುಗಿಯದು. ದೇವರ ಕೆಲಸ, ತಡ ಆದೀತು ಅಂತ ನಾವೂ ನಕ್ಕು ಸುಮ್ಮನಾಗುತ್ತೇವೆ. ಆದರೆ ನನಗೆ ಸಾಕಾಗಿದೆ. ಡಿಜೆ ಓಣಿಗೆ ಬಂದರೆ ನಮ್ಮವ್ವ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಅಡುಗೆಮನೆಯ ಮೂಲೆಗೆ ಹೋಗಿ ಕೂರುತ್ತಾಳೆ. ಎಂಬತ್ತೊಂದು ವಯಸ್ಸು. ಠಾಣೆಗೆ ಫೋನು ಮಾಡಿದರೆ ‘ವರ್ಷಕ್ಕ ಒಮ್ಮೆ, ಸ್ವಲ್ಪ ಸಹಿಸ್ಕೋರಿ’ ಅನ್ನುತ್ತಾರೆ. ವರ್ಷಕ್ಕೊಮ್ಮೆ ಅನ್ನುವುದು ನಮ್ಮ ಓಣಿಗೆ ವಾರಕ್ಕೆರಡು ಸಲ ಬರುತ್ತದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಬ್ಯಾಂಡಿನವರು ಆ ರಾತ್ರಿ ಚನ್ನಮ್ಮ ವೃತ್ತದ ಹತ್ತಿರ ಗಾಡಿಯಲ್ಲಿ ಆಮ್ಲೆಟ್ ತಿಂದರು. ಕೊನೇ ಹಾಡನ್ನು ಅಲ್ಲೇ, ಮೇಜು ಬಡಿದು ಅರ್ಧ ಹಾಡಿದರು. ಗಾಡಿಯವ ಯಾವ ನಿಮಿತ್ತವನ್ನೂ ಕೇಳಲಿಲ್ಲ, ಇನ್ನೊಂದು ಪಾವು ಹಾಕಿಕೊಟ್ಟ. ನಮ್ಮ ಮೂವರು ಹುಡುಗರು ಆಗಲೇ ಮುಂದಿನ ಕಾರ್ಯಕ್ರಮದ ಯೋಜನೆಯಲ್ಲಿದ್ದರು. ಈ ಸಲ ಹಾಲ್ ಬೇಡ, ಅರ್ಜಿಯಲ್ಲಿ ಜಾಗೃತಿಯೂ ಬೇಡ, ಮದುವೆ ಮೆರವಣಿಗೆ ಅಂತ ಬರೆಯುವುದು, ಟ್ರ್ಯಾಕ್ಟರಿನ ಮೇಲೆ ಬೆಳಗಿನ ತನಕ ಹಾಡಿಸುವುದು.

‘ವರ ಬೇಕಲ್ಲೋ?’ ಅಂದೆ.

‘ಅದಾನಲ್ರಿ ಕಾಕಾ,’ ಎಂದು ಬೇಸ್ ಗಿಟಾರಿನವನ ಕಡೆ ಕೈ ಮಾಡಿದರು. ‘ಮಿಕ್ಸರ್ ಮ್ಯಾಲ ಆಗಲೇ ಬರದಿತ್ತಲ್ಲ.’